ಸಮುದ್ರದ ಸಭೆಯ ದಿನ ಹಳ್ಳ ಬಂತು

ಹೋದ ತಿಂಗಳು ಪ್ರಾಂಶುಪಾಲರು ನನ್ನ ಮೇಜಿನ ಮೇಲೆ ಒಂದು ಆಮಂತ್ರಣ ಪತ್ರಿಕೆ ಇಟ್ಟು ಹೋದರು. ನೀಲಿ ಬಣ್ಣದ ನುಣುಪು ಕಾಗದ, ಅದರ ತುಂಬ ಒಂದು ದೊಡ್ಡ ತೆರೆ, ತೆರೆಯ ಕೆಳಗೆ ‘ಸಾಗರ ಸಂರಕ್ಷಣೆ ಮತ್ತು ಹವಾಮಾನ: ಸಾರ್ವಜನಿಕ ಉಪನ್ಯಾಸ’ ಎಂಬ ಅಕ್ಷರ. ವಿಶ್ವವಿದ್ಯಾಲಯದವರು ಮತ್ತೆ ನಮ್ಮ ಹಗರಿಬೊಮ್ಮನಹಳ್ಳಿಗೆ ಬರುತ್ತಾರಂತೆ. ನಾನು ಅದನ್ನು ಓದಿ, ಹಾಜರಿ ಪುಸ್ತಕದ ಕೆಳಗೆ ಸರಿಸಿ, ಪಾಠಕ್ಕೆ ಹೋದೆ. ಹಲಗೆಯ ಮೇಲೆ ಮುಂಗಾರು ಮಾರುತದ ಬಾಣ ಎಳೆಯುವಾಗ ಸೀಮೆಸುಣ್ಣ ಎರಡು ಸಲ ಮುರಿಯಿತು. ಕಾಗದದ ಮೇಲಿನ ತೆರೆಗೆ ಹೆದರುವ ಭೂಗೋಳದ ಅಧ್ಯಾಪಕಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಇಲ್ಲವಾದರೆ ಸ್ವಲ್ಪ ಹೊತ್ತು ಕೂತುಕೊಳ್ಳಿ, ಹೇಳುತ್ತೇನೆ.

ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಇಪ್ಪತ್ತು ವರ್ಷ ಸಮುದ್ರದ ಪಾಠ ಮಾಡಿದ ನಾನು ಸಮುದ್ರ ನೋಡಿದ್ದು ಒಂದೇ ಸಲ. ಅದೂ ಕಾಲೇಜಿನ ಪ್ರವಾಸದಲ್ಲಿ, ಸಮುದ್ರಕ್ಕೆ ಬೆನ್ನು ಮಾಡಿ ನಿಂತು, ನೀರಿನಿಂದ ಮೇಲೆ ಬಂದ ಹುಡುಗಿಯರನ್ನು ಎಣಿಸುತ್ತ. ನಲವತ್ತೆರಡು ಬರಬೇಕಾದ ಎಣಿಕೆ ನಲವತ್ತೊಂದೇ ಬರುತ್ತಿತ್ತು. ಕೊನೆಗೆ ನೋಡಿದರೆ ನನ್ನ ಪಕ್ಕದಲ್ಲೇ ನಿಂತಿದ್ದವಳನ್ನು ಬಿಟ್ಟಿದ್ದೆ. ಇನ್ನು ನಮ್ಮ ಕಡೆಯ ನೀರಿನ ಮಾತು ಕೇಳಬೇಡಿ. ಕೂಡ್ಲಿಗಿಯಿಂದ ಹಡಗಲಿಯವರೆಗೆ ಎಲ್ಲಿ ನಿಂತು ಕೂಗಿದರೂ ಸಮುದ್ರಕ್ಕೆ ಕೇಳಿಸದು. ನಾನು ಹುಟ್ಟಿ ಬೆಳೆದ ಕೊಟ್ಟೂರಿನಲ್ಲಿ ಹಳ್ಳ ಅಂದರೆ ಒಣ ಮರಳು. ಅಲ್ಲಿ ನಾವು ಕುಂಟಾಟ ಆಡುತ್ತಿದ್ದೆವು, ಅಕ್ಕಂದಿರು ಹಪ್ಪಳ ಒಣಹಾಕುತ್ತಿದ್ದರು. ಹಳ್ಳಕ್ಕೆ ಹೆದರಬೇಕು ಎಂದು ನಮಗೆ ಯಾರೂ ಕಲಿಸಲಿಲ್ಲ. ಹಳ್ಳ ತುಂಬಿ ಬಂತೆಂದರೆ ಊರೇ ನೋಡಲು ಓಡುತ್ತಿತ್ತು, ಮದುವೆ ದಿಬ್ಬಣ ನೋಡಲು ಓಡಿದ ಹಾಗೆ.

ನಾಲ್ಕು ವರ್ಷದ ಹಿಂದೆ ಇಂಥದೇ ಕಾರ್ಯಕ್ರಮ ನಮ್ಮ ಕಾಲೇಜಿಗೆ ಬಂತು. ಪ್ರಾಂಶುಪಾಲರು ನನ್ನನ್ನು ಕರೆದು, “ಮೇಡಂ, ಪಬ್ಲಿಕ್ ಬೇಕಂತ್ರಿ. ಬರೀ ನಮ್ಮ ಹುಡುಗ್ರು ಕುಂತ್ರ ನಡಿಯಂಗಿಲ್ಲಂತ. ಎಲ್ಲಿಂದರ ಕರಕೊಂಡ್ ಬರ್ರಿ,” ಅಂದರು. ನನಗೆ ಕೂಡಲೇ ನೆನಪಾದದ್ದು ತಂಬ್ರಹಳ್ಳಿಯ ಮೈಲವ್ವ. ಅಲ್ಲಿನ ಹೆಣ್ಣುಮಕ್ಕಳ ಸಂಘದ ಮುಖ್ಯಸ್ಥೆ, ಐವತ್ತರ ಆಚೆಯ ಹೆಂಗಸು. ಆಕೆಯ ಮಗಳು ನನ್ನ ಶಿಷ್ಯೆ, ಆ ಸಲಿಗೆ ಇತ್ತು.

ನಾನು ಹೋದಾಗ ಆಕೆ ಅಂಗಳದಲ್ಲಿ ಶೇಂಗಾ ಬಿಡಿಸುತ್ತ ಕೂತಿದ್ದಳು. ವಿಷಯ ಕೇಳಿ ನಕ್ಕಳು.

“ಸಮುದ್ರಕ್ಕೂ ನಮಗೂ ಏನ್ರಿ ಸಂಬಂಧ? ನಾವೇನ್ ಮೀನಾ ಹಿಡಿತೀವಾ?”

“ಸಂಬಂಧ ಐತಿ, ಬರ್ರಿ, ಕೇಳ್ರಿ.”

“ಬರಾಕೇನು, ಬರ್ತೀವಿ. ಐದಕ್ಕ ಮನ್ಯಾಗ ಇರಬೇಕು ನೋಡ್ರಿ. ದನ ಅದಾವು, ಹುಡುಗ್ರು ಅದಾವು.”

“ಐದರೊಳಗ ನಾನ ಮನಿ ಮುಟ್ಟಸ್ತೀನಿ,” ಅಂದೆ.

ಹೀಗೆ ಒಂಬತ್ತು ಮಂದಿ ಹೆಂಗಸರು ಅಂದಿನ ಕೂಲಿ ಬಿಟ್ಟು, ಒಳ್ಳೆಯ ಸೀರೆ ಉಟ್ಟು, ಕೊಟ್ರೇಶಿಯ ಕ್ರೂಸರ್ ಗಾಡಿಯಲ್ಲಿ ಬಂದರು. ಕೊಟ್ರೇಶಿ ಅದೇ ಊರಿನವನು, ಮೂವತ್ತೈದರ ಆಸುಪಾಸು, ಮಾತು ಕಮ್ಮಿ. ಗಾಡಿ ಅವನದೇ. ಅದರ ಗಾಜಿನ ಮೇಲೆ ತನ್ನ ಇಬ್ಬರು ಹೆಣ್ಣುಮಕ್ಕಳ ಹೆಸರು ಬರೆಸಿಕೊಂಡಿದ್ದ.

ಸಭೆ ನಮ್ಮ ಸಭೆಗಳಂತೆಯೇ ತಡವಾಗಿ ಶುರುವಾಯಿತು. ದೀಪ ಹಚ್ಚಿದ್ದು, ಆರಿದ್ದು, ಮತ್ತೆ ಹಚ್ಚಿದ್ದು, ಶಾಲು, ಹಾರ, ಎಲ್ಲ ಮುಗಿದಾಗ ಮಧ್ಯಾಹ್ನ ಮೂರು. ಆಮೇಲೆ ಕರಾವಳಿಯಿಂದ ಬಂದ ಎಳೆಯ ಸಂಶೋಧಕಿ ಎದ್ದಳು. ಪರದೆಯ ಮೇಲೆ ಭೂಪಟ ಬಂತು. ನೀಲಿ ಇರಬೇಕಾದ ಸಮುದ್ರ ಅಲ್ಲಲ್ಲಿ ಕೆಂಪಗೆ, ಬಿಸಿ ತಾಗಿದ ಚರ್ಮದ ಹಾಗೆ ಕಾಣುತ್ತಿತ್ತು. “ನಾವು ಭೂಮಿಯ ಮೇಲೆ ಹೆಚ್ಚಿಸಿದ ಬಿಸಿಯಲ್ಲಿ ಬಹುಪಾಲನ್ನು ಸಮುದ್ರವೇ ಕುಡಿದಿದೆ. ಇಲ್ಲದಿದ್ದರೆ ನಾವು ಯಾವತ್ತೋ ಬೆಂದುಹೋಗುತ್ತಿದ್ದೆವು,” ಅಂದಳು.

ಮಾತು ಮುಗಿದ ಮೇಲೆ ಪ್ರಶ್ನೆ ಇದೆಯೇ ಎಂದು ಕೇಳಿದರು. ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕರು. ಮೈಲವ್ವ ಸೆರಗು ಸರಿಮಾಡಿಕೊಂಡು ಎದ್ದಳು.

“ಯವ್ವಾ, ಸಮುದ್ರ ಕುಡದೈತಿ ಅಂದಿ. ಹೊಟ್ಟಿ ತುಂಬಿದ ಮ್ಯಾಲ ಅದೇನ್ ಮಾಡತೈತಿ?”

ಹುಡುಗಿ ಮೈಲವ್ವನ ಕಡೆ ತಿರುಗಿದಳು. “ಸುಮ್ಮನಿರುವುದಿಲ್ಲ ಅಮ್ಮ. ಆವಿ ಜಾಸ್ತಿಯಾಗುತ್ತದೆ, ಮೋಡಕ್ಕೆ ನೀರು ಜಾಸ್ತಿಯಾಗುತ್ತದೆ. ದಿನಗಟ್ಟಲೆ ಬರಬೇಕಾದ ಮಳೆ ಒಂದೇ ಮಧ್ಯಾಹ್ನ ಸುರಿದುಬಿಡಬಹುದು. ಸಮುದ್ರದಿಂದ ಎಷ್ಟೋ ದೂರದಲ್ಲಿ ಕೂಡ.”

“ಎಲ್ಲಿ ಸುರಿತೈತಿ ಅಂತ ಮೊದಲ ಗೊತ್ತಾಗತೈತೇನು?”

“ಎಲ್ಲ ಸಲ ಗೊತ್ತಾಗುವುದಿಲ್ಲ. ನಿಜ ಹೇಳಬೇಕೆಂದರೆ ನನಗೂ ಅದೇ ಭಯ.”

ವೇದಿಕೆಯ ಮೇಲಿದ್ದ ನನಗೆ ಸಿಟ್ಟು ಬಂತು. ಜನರನ್ನು ಕರೆದು ಕೂರಿಸಿ ಹೆದರಿಸುವುದೇ? ವಂದನಾರ್ಪಣೆಗೆ ಎದ್ದವಳು ಗಂಟಲು ಸರಿಮಾಡಿಕೊಂಡು, “ನಮಗೆ ಬೇಕಾದದ್ದು ಭಯವಲ್ಲ, ಜಾಗೃತಿ,” ಎಂದೆ. ಚಪ್ಪಾಳೆ ಬಿತ್ತು. ಆ ಚಪ್ಪಾಳೆಯನ್ನು ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ಕೆಳಗಿಳಿಯುತ್ತಿದ್ದಂತೆ ಮೈಲವ್ವ ಬಾಗಿಲಲ್ಲಿ ನಿಂತಿದ್ದಳು. “ಮೇಡಂ, ಬಿಡ್ರಿ ನಮ್ಮನ್ನ. ಪಡುವಲ ದಿಕ್ಕು ಕಪ್ಪಾಗೇತಿ.” ನಾನು ಹೊರಗೆ ನೋಡಲೂ ಇಲ್ಲ. “ಒಂದ್ ಗ್ರೂಪ್ ಫೋಟೊ ಆಗ್ಲಿ ಮೈಲವ್ವಾ. ಪಬ್ಲಿಕ್ ಬಂದಾರ ಅಂತ ಅವರಿಗೆ ಗೊತ್ತಾಗಬೇಕಲ್ಲ?” ಫೋಟೊಕ್ಕೆ ಅತಿಥಿಗಳು ಬೇಕು, ಅತಿಥಿಗಳು ಚಹಾ ಕುಡಿಯುತ್ತಿದ್ದರು. ಅವರು ಬರುವಷ್ಟರಲ್ಲಿ ಹುಡುಗರು ಬ್ಯಾನರ್ ಬಿಚ್ಚಿಬಿಟ್ಟಿದ್ದರು, ಮತ್ತೆ ಕಟ್ಟಿಸಿದೆವು. ಫೋಟೊ ಮುಗಿಯುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆಯಿತು, ಮಳೆ ಹಿಡಿಯಿತು. ಅದು ನಿಲ್ಲಲಿ ಎಂದು ಕಾದು ಹೊರಟಾಗ ಐದೂವರೆ. ಮಾತು ತಪ್ಪಿದ ನಾಚಿಕೆಗೆ ನಾನೂ ಗಾಡಿ ಹತ್ತಿದೆ.

ತಂಬ್ರಹಳ್ಳಿಯ ದಾರಿಯಲ್ಲಿ ಮೋಡ ಹರಿದು ಬಿಸಿಲು ಕೂಡ ಬಿತ್ತು. ತೊಳೆದ ಜೋಳದ ಪೈರು, ಹಸಿ ಮಣ್ಣು. ಹೆಂಗಸರು ಹಾಡು ಎತ್ತಿಕೊಂಡರು. ನನಗೂ ಮನಸ್ಸು ಹಗುರವಾಯಿತು. ಆಗ ಗಾಡಿ ನಿಂತಿತು.

ಮುಂದೆ ಹಳ್ಳ. ಬೆಳಿಗ್ಗೆ ಹೆಂಗಸರು ಬರುವಾಗ ಅದರಲ್ಲಿ ನೀರೇ ಇರಲಿಲ್ಲವಂತೆ. ಈಗ ಕೆಂಪು ನೀರು ಸಣ್ಣ ಸೇತುವೆಯ ಮೇಲೆ ಹಾದು ಹೋಗುತ್ತಿತ್ತು. ಮಳೆ ಬಿದ್ದದ್ದು ಮೇಲಿನ ಹೊಲಗಳಲ್ಲಿ ಎಲ್ಲೋ. ಇಲ್ಲಿ ಬಿಸಿಲು, ಕಾಲ ಬುಡದಲ್ಲಿ ಪ್ರವಾಹ. ಸದ್ದು ಮಾತ್ರ ವಿಚಿತ್ರವಾಗಿತ್ತು. ಮೊರೆತವಲ್ಲ, ದೊಡ್ಡ ಪ್ರಾಣಿಯೊಂದು ಮೇಯುವ ಹಾಗೆ ಮೆಲ್ಲಗೆ, ಬಿಡದೆ. ದಡದಲ್ಲಿ ಕುರಿ ಕಾಯುವ ಒಬ್ಬ ಮುದುಕ ಹಿಂಡು ನಿಲ್ಲಿಸಿಕೊಂಡು ನೀರನ್ನೇ ನೋಡುತ್ತಿದ್ದ.

“ಮೊಣಕಾಲ ಮಟ್ಟ ಇರಬೇಕ್ರಿ ಮೇಡಂ. ಏನ್ ಮಾಡ್ಲಿ?” ಕೊಟ್ರೇಶಿ ನನ್ನನ್ನು ಕೇಳಿದ. ಓದಿದವಳು ನಾನಲ್ಲವೇ.

“ನಿಧಾನಕ ಹೋಗು. ಹೊತ್ತಾಗೇತಿ,” ಅಂದೆ.

“ನಿಂದ್ರಸು! ನಾ ಇಳಿತೀನಿ,” ಎಂದು ಮೈಲವ್ವ ಕೂಗಿದಳು.

“ಹೆದರಬ್ಯಾಡ್ರಿ ಮೈಲವ್ವಾ, ಅವನಿಗೆ ರೂಢಿ ಐತಿ.”

“ಹೆದರಿಕಿ ಆಗೇತ್ರಿ. ಹೆದರಿಕಿ ಆದ್ರ ಇಳಿಬೇಕು.” ಅಷ್ಟೇ ಹೇಳಿ ಬಾಗಿಲು ತೆಗೆದು ಇಳಿದಳು. ಹಿಂದಿದ್ದವರ ಕೈ ಹಿಡಿದು ಒಬ್ಬೊಬ್ಬರನ್ನೇ ಎಳೆದಳು. ಕೊನೆಗೆ ಇಳಿದವಳು ನಾನು, ಬುದ್ಧಿ ಬಂದು ಅಲ್ಲ, ಒಬ್ಬಳೇ ಕೂರಲು ನಾಚಿಕೆಯಾಗಿ.

“ಖಾಲಿ ಗಾಡಿ ದಾಟಸ್ತೀನಿ, ಆಮ್ಯಾಲ ಬರ್ರಿ,” ಎಂದ ಕೊಟ್ರೇಶಿ. ಮೈಲವ್ವ ಬೇಡ ಎಂದಳು. ನಾನು ಸುಮ್ಮನಿದ್ದೆ.

ಅರ್ಧ ಸೇತುವೆಯವರೆಗೆ ಗಾಡಿ ಸರಿಯಾಗಿಯೇ ಹೋಯಿತು. ಅಲ್ಲಿ ಎಂಜಿನ್ ಕೆಮ್ಮಿ ಆರಿತು. ಹಿಂದಿನ ಚಕ್ರ ಮೆಲ್ಲಗೆ ಪಕ್ಕಕ್ಕೆ ಸರಿಯಿತು. ಹೆಂಗಸರು ಚೀರಿದರು. ಕೊಟ್ರೇಶಿ ಕಿಟಕಿಯಿಂದ ಹೊರಬಂದು ಗಾಡಿಯ ನೆತ್ತಿಗೆ ಏರಿದ. ಅವನ ಮುಖ ನನ್ನ ಕಡೆಗಿತ್ತು. ಅಷ್ಟು ದೂರದಿಂದ ಕಣ್ಣು ಕಾಣುವುದಿಲ್ಲ, ಆದರೂ ಕಂಡೆ ಎಂದೇ ನನಗೆ ಇವತ್ತಿಗೂ ಅನಿಸುತ್ತದೆ.

ಕುರಿಯ ಮುದುಕ ಆಗಲೇ ಕತ್ತೆಯ ಮೇಲಿನ ಹೇರು ಬಿಚ್ಚುತ್ತಿದ್ದ. ಕುರಿ ನಿಲ್ಲಿಸುವ ಬಲೆಯ ಸುತ್ತು, ಅದಕ್ಕೊಂದು ದಪ್ಪ ಹಗ್ಗ. ಹಗ್ಗದ ತುದಿಗೆ ಕಲ್ಲು ಕಟ್ಟಿ ಬೀಸಿದ. ಮೊದಲ ಸಲ ನೀರಿಗೆ ಬಿತ್ತು. ಎರಡನೆಯ ಸಲವೂ ನೀರಿಗೇ. ಮೂರನೆಯದನ್ನು ಕೊಟ್ರೇಶಿ ಹೊಟ್ಟೆಯ ಮೇಲೆ ಬಿದ್ದು ಹಿಡಿದ. “ನಡಕ್ಕ ಕಟ್ಟಿಗ್ಯೋ ಲೇ! ಕಟ್ಟಿಗ್ಯೋ!” ಎಂದು ಮುದುಕ ಅರಚಿದ. ಕೊಟ್ರೇಶಿ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಧುಮುಕಿದ. ಒಂಬತ್ತು ಹೆಂಗಸರು, ಮುದುಕ, ನಾನು ಹಗ್ಗ ಎಳೆದೆವು. ತಲೆ ಮುಳುಗಿತು, ಎದ್ದಿತು, ಮತ್ತೆ ಮುಳುಗಿತು. ಆಗ ನಾನು ಎಣಿಸುತ್ತಿದ್ದೆ, ಒಂದು, ಎರಡು, ಮೂರು. ಹನ್ನೊಂದಕ್ಕೆ ತಲೆ ಕಂಡಿತು. ಅವನನ್ನು ಕೆಸರಿಗೆ ಎಳೆದುಹಾಕಿ ಹಿಂದೆ ತಿರುಗಿದಾಗ ಸೇತುವೆಯ ಮೇಲೆ ಗಾಡಿ ಇರಲಿಲ್ಲ.

ಕೊಟ್ರೇಶಿ ನೀರು ಕಾರಿದ. ಆಮೇಲೆ ನನ್ನ ಕಡೆ ನೋಡಿ, ಬೈಗುಳವಿಲ್ಲದೆ, ದೂರಿಲ್ಲದೆ, ಚಿಕ್ಕ ಮಕ್ಕಳು ಹೇಳುವ ಹಾಗೆ ಅಂದ: “ಹೋಗು ಅಂದ್ರಿ, ಮೇಡಂ.”

ಮೈಲವ್ವ ಅವನ ತಲೆ ಒರೆಸುತ್ತಿದ್ದಳು. “ಎಲ್ಲಾರೂ ಒಳಗ ಇದ್ದಿದ್ರ...” ಎಂದಳು. ನೀರಿಳಿದು ಅವರೆಲ್ಲ ಮನೆ ಮುಟ್ಟಿದಾಗ ಕತ್ತಲಾಗಿತ್ತು. ನನ್ನ ಅಂಗೈಯ ಚರ್ಮ ಸುಲಿದಿದ್ದು ಮರುದಿನ ಪತ್ರಿಕೆ ಹಿಡಿದಾಗ ಗೊತ್ತಾಯಿತು. ಪತ್ರಿಕೆಯಲ್ಲಿ ನಮ್ಮ ಫೋಟೊ ಬಂದಿತ್ತು. ಎಲ್ಲರೂ ನಗುತ್ತಿದ್ದೆವು, ಮೈಲವ್ವನೊಬ್ಬಳನ್ನು ಬಿಟ್ಟು. ಆಕೆ ಕ್ಯಾಮೆರಾ ಬಿಟ್ಟು ಪಡುವಣ ದಿಕ್ಕು ನೋಡುತ್ತಿದ್ದಳು.

ವಾರದ ನಂತರ ಕೊಟ್ರೇಶಿಯ ಮನೆಗೆ ಹೋದೆ. ಗಾಡಿ ಎರಡು ಹೊಲದಾಚೆ ತಲೆಕೆಳಗಾಗಿ ಸಿಕ್ಕಿತ್ತು, ಮತ್ತೆ ಓಡುವ ಸ್ಥಿತಿಯಲ್ಲಿ ಇರಲಿಲ್ಲ. ಅವನು ಈಗ ಬೇರೆಯವರ ಗಾಡಿಗೆ ಹೋಗುತ್ತಾನೆ. “ನಂದೂ ತಪ್ಪೈತಿ ಬಿಡ್ರಿ,” ಎಂದ. ಅವನ ಹೆಂಡತಿ ಚಹಾ ಕೊಟ್ಟಳು. ತಲೆ ಎತ್ತಿ ನನ್ನ ಮುಖ ಮಾತ್ರ ನೋಡಲಿಲ್ಲ. ನಾನು ಹೇಳಲು ಕಟ್ಟಿಕೊಂಡು ಹೋಗಿದ್ದ ಮಾತುಗಳೆಲ್ಲ ಆ ಚಹಾದ ಜೊತೆ ಒಳಗೇ ಇಳಿದವು.

ಅಂದಿನಿಂದ ನನಗೆ ಹೆದರಿಕೆ ಅಂಟಿಕೊಂಡಿದೆ. ಮೋಡ ಕಂಡರೆ ಪಾಠ ಬಿಟ್ಟು ಕಿಟಕಿಗೆ ಹೋಗುತ್ತೇನೆ. ಹರಪನಹಳ್ಳಿಯ ತಂಗಿ ಸುಮ್ಮನೆ ಫೋನು ಮಾಡಿದರೂ ಮೊದಲು ಕೇಳುವುದು ಅಲ್ಲಿ ಮಳೆ ಹೇಗಿದೆ ಎಂದು. ಸಹೋದ್ಯೋಗಿಗಳು ನನಗೆ ಹವಾಮಾನ ಇಲಾಖೆ ಎಂದು ಹೆಸರಿಟ್ಟಿದ್ದಾರೆ. ಮುಂಗಾರಿನ ಬಾಣವನ್ನು ಅದಕ್ಕೂ ಮುಂಚೆ ಹದಿನಾರು ವರ್ಷ ಎಷ್ಟು ಸಲೀಸಾಗಿ ಎಳೆದಿದ್ದೆ! ಆ ಬಾಣ ಒಂದು ದಿನ ನನ್ನ ಕಾಲ ಬಳಿಗೇ ಬಂದು ನಿಲ್ಲಬಹುದೆಂದು ಯಾವ ಹುಡುಗನಿಗೂ ಹೇಳಿರಲಿಲ್ಲ, ನನಗೇ ಗೊತ್ತಿರಲಿಲ್ಲ.

ಇರಲಿ. ಈ ಸಲದ ಕಾರ್ಯಕ್ರಮಕ್ಕೆ ನಾನು ಯಾರನ್ನೂ ಕರೆಯುವುದಿಲ್ಲ ಎಂದುಕೊಂಡಿದ್ದೆ. ಮೈಲವ್ವನೇ ಫೋನು ಮಾಡಿದಳು, ಮಗಳಿಂದ ಸುದ್ದಿ ತಿಳಿದು. “ಬರ್ತೀವ್ರಿ ಮೇಡಂ. ಹೋದ ಸಲ ಸಭ್ಯಾಗ ಆ ಹುಡುಗಿ ಹೇಳಿದ್ದು ಖರೇ ಆತಲ್ಲ. ಇನ್ನೇನ್ ಹೇಳತಾರ, ಕೇಳಬೇಕು.”

ಮೊನ್ನೆ ಸಭೆ ನಡೆಯಿತು. ಮೂರೂವರೆ ಹೊತ್ತಿಗೆ, ಅತಿಥಿಗಳು ಮಾತಿನ ನಡುವೆ ಇದ್ದಾಗ, ಕಿಟಕಿಯ ಬೆಳಕು ಕಂದಿತು. ಪಡುವಣದಲ್ಲಿ ಮೋಡ. ನಾನು ಎದ್ದುಹೋಗಿ ಅತಿಥಿಗಳ ಮುಂದೆ ಕೈಮುಗಿದು, “ಸರ್, ಹಳ್ಳಿಯವರು ಹೊರಡಬೇಕು,” ಅಂದೆ.

“ಇನ್ನೈದು ನಿಮಿಷ, ಮೇಡಂ.”

“ಇಲ್ಲ ಸರ್. ಈಗಲೇ.”

ಯಾರೋ ನಕ್ಕರು. ಹೆಂಗಸರು ಸಾಲಾಗಿ ಎದ್ದು ನಡೆದರು. ಗೇಟಿನವರೆಗೆ ಹೋಗಿ ಬಸ್ಸು ಹತ್ತಿಸಿದೆ. ಆಮೇಲೆ ಅಲ್ಲೇ ಕಟ್ಟೆಯ ಮೇಲೆ ಕೂತೆ. ಗಾಳಿ ಬೀಸಿತು, ಮೋಡ ಚದುರಿತು. ಒಂದು ಹನಿಯೂ ಬೀಳಲಿಲ್ಲ. ಪ್ರಾಂಶುಪಾಲರು ಬಂದು ಆಕಾಶ ನೋಡಿದರು, ನನ್ನನ್ನು ನೋಡಿದರು, ಒಳಗೆ ಹೋದರು.

ಮುಕ್ಕಾಲು ಗಂಟೆಯ ಮೇಲೆ ಫೋನು ಬಂತು. “ಮುಟ್ಟಿದ್ವಿ ಮೇಡಂ, ಎಲ್ಲಾರೂ. ಇಲ್ಲಿ ಸುಡೋ ಬಿಸಲು ಐತಿ,” ಎಂದಳು ಮೈಲವ್ವ. ಹಿಂದೆ ಹೆಂಗಸರು ನಗುತ್ತಿದ್ದರು.

ಯಾರೋ ಚಹಾ ತಂದು ಕೊಟ್ಟರು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಚೆಲ್ಲದ ಹಾಗೆ, ಪೂರ್ತಿ ಕುಡಿದೆ.