ಅವ್ವಗ ಆರಾಮಿಲ್ಲ

ಬಿಟಿಎಂ ಲೇಔಟಿನ ನಮ್ಮ ಆಫೀಸಿಗೆ, ಎರಡು ಸಾವಿರದ ಇಸವಿ ದಾಟಿದ ಮೇಲೆ, ನೌಕರರ ನೆಮ್ಮದಿಗೆಂದು ಒಂದು ಪ್ರೋಗ್ರಾಮು ಬಂತು. ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದರೆ ಸಾಕು, ಪರದೆಯ ಮೇಲೆ ದುಂಡು ಮುಖವೊಂದು ಹಲ್ಲು ಕಿರಿದು 'ಇವತ್ತು ಹೇಗಿದ್ದೀರಿ?' ಎಂದು ಕೇಳುತ್ತಿತ್ತು. ಉತ್ತರಿಸದೆ ಕೆಲಸ ತೆರೆಯುತ್ತಿರಲಿಲ್ಲ. ನಿಮ್ಮ ಭಾಷೆಯಲ್ಲೇ ಮನಸ್ಸು ಬಿಚ್ಚಿ ಬರೆಯಿರಿ ಎಂದಿದ್ದರು. ರಜೆಯನ್ನೂ ಅದರಲ್ಲೇ ಕೇಳಬೇಕು. ದಿನವಿಡೀ ಅಮೆರಿಕದ ಆಸ್ಪತ್ರೆಗಳ ಬಿಲ್ಲು ಕುಟ್ಟುವ ನಮಗೆ ಮನಸ್ಸು ಎಲ್ಲಿತ್ತು, ಬಿಚ್ಚಲಿಕ್ಕೆ!

ನಾನು ಗದಗಿನ ಕಡೆಯವಳು. ಒಂದು ಮುಂಜಾನೆ ಊರಿಂದ ಅಣ್ಣ ಫೋನು ಮಾಡಿದ. "ಅವ್ವಗ ಆರಾಮಿಲ್ಲ. ದವಾಖಾನ್ಯಾಗ ಹಾಕೇವಿ. ಲಗೂನ ಬಾ." ಫೋನನ್ನು ಅವಳ ಕಿವಿಗೆ ಹಿಡಿ ಎಂದೆ. "ಆರಾಮ ಅದೀ ಏನವಾ?" ಎಂದಳು ಅವ್ವ, ಏದುಸಿರಿನಲ್ಲೇ. ತನ್ನ ಜೀವ ಅಲ್ಲಾಡುತ್ತಿರುವಾಗಲೂ ನನ್ನ ಆರಾಮು ಕೇಳುವವಳು ಅವಳು.

ರಜೆ ಕೇಳಿದರೆ ಟೀಮ್ ಲೀಡರ್ ತಲೆ ಎತ್ತಲಿಲ್ಲ. "ನನ್ನ ಕೇಳ್ಬೇಡಮ್ಮ, ಎಲ್ಲಾ ಸಿಸ್ಟಮ್‌ನಲ್ಲಿ ಹಾಕು." ಹೇಳದೆ ಹೋದರೆ ಕೆಲಸ ಹೋಗುತ್ತಿತ್ತು, ಅವ್ವನ ಔಷಧಿ ನಡೆಯುತ್ತಿದ್ದುದೇ ಆ ಕೆಲಸದಿಂದ. ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಹೊಡೆದೆ: ಅವ್ವಗ ಆರಾಮಿಲ್ಲ, ಊರಿಗೆ ಹೋಗಬೇಕು.

ಮಧ್ಯಾಹ್ನ, ರಜೆ ಮಂಜೂರು ಮಾಡುವ ಎಚ್‌ಆರ್ ಮೇಡಂ ಅವರ ಉತ್ತರ ಬಂತು. ತಾಯಿಗೆ ಮನೆಗೆಲಸದಿಂದ ಆರಾಮಿಲ್ಲದಿದ್ದರೆ ಕೆಲಸದವರನ್ನು ಇಟ್ಟುಕೊಳ್ಳಿ, ಹಬ್ಬದ ರಜೆಯಲ್ಲಿ ಹೋಗಿಬನ್ನಿ. ಕೆಳಗೆ ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುವ ಒಂದು ಗೊಂಬೆ. ಮತ್ತೆ ಬರೆದೆ: ಭಾಳ ಆರಾಮಿಲ್ಲ. ಮರುದಿನ ಇನ್ನೊಂದು ಗೊಂಬೆ ಬಂತು, ಸಮುದ್ರದ ಸದ್ದಿನ ಜೊತೆ. ಅದರ ಮನೆ ಹಾಳಾಗ!

ಕುರ್ಚಿ ಒದ್ದು ಎದ್ದು ಮೇಡಂ ರೂಮಿಗೆ ನುಗ್ಗಿದೆ. "ನಮ್ಮವ್ವಗ ಆರಾಮಿಲ್ರೀ! ದವಾಖಾನ್ಯಾಗ ಹಾಕ್ಯಾರ್ರೀ!"

ಜಯನಗರದಲ್ಲೇ ಹುಟ್ಟಿ ಬೆಳೆದ ಆ ಮೇಡಂ ಬಾಯಿ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ ದೇವ್ರೇ, ಹುಷಾರಿಲ್ವಾ? ಹುಷಾರಿಲ್ಲ ಅಂತ ಹಾಕ್ಬಾರ್ದಾ? ನಾನು ರೆಸ್ಟ್ ಇಲ್ಲ ಅಂದ್ಕೊಂಡ್ನಲ್ರೀ!"

ನಮ್ಮ ಕಡೆ ಹುಷಾರು ಎಂದರೆ ಜಾಣತನ. ಅವ್ವ ಹುಷಾರಿಲ್ಲ ಎಂದು ಹೇಗೆ ಬರೆಯಲಿ? ಅವಳಷ್ಟು ಹುಷಾರು ಹೆಂಗಸು ನಮ್ಮ ಓಣಿಯಲ್ಲೇ ಇರಲಿಲ್ಲ.

ರಜೆ ನಿಂತ ಕಾಲಲ್ಲೇ ಸಿಕ್ಕಿತು. ಮೆಜೆಸ್ಟಿಕ್ಕಿಗೆ ಓಡಿ, ಸಿಕ್ಕ ಬಸ್ಸು ಹತ್ತಿದೆ. ದವಾಖಾನೆಯ ಬಾಗಿಲಲ್ಲೇ ಅಣ್ಣ ಹೇಳಿದ, "ನಿನ್ನೆ ಮಟ ನಿನ್ನ ಕೇಳಾಕತ್ತಿದ್ಲು. ಈಗ ಮಾತು ನಿಂತೈತಿ."

ಅವ್ವ ಕಣ್ಣು ಬಿಟ್ಟುಕೊಂಡೇ ಇದ್ದಳು. ಆ ಸುಡುಗಾಡು ಪರದೆ ದಿನಾ ಕೇಳುತ್ತಿದ್ದ ಪ್ರಶ್ನೆ ಅವಳ ಬಾಯಿಂದ ಒಂದೇ ಒಂದು ಸಲ ಬರಲಿ ಎಂದು ಅವಳ ಮುಖಕ್ಕೆ ಮುಖ ಹಚ್ಚಿ ಕೂತೆ. ತುಟಿ ಅಲುಗಿತು, ದನಿ ಬರಲಿಲ್ಲ.

"ಆರಾಮ ಅದೀನಿ, ಯವ್ವಾ," ಎಂದು ಅಳುತ್ತ ಉತ್ತರ ಕೊಟ್ಟೆ.