ಬಿನತಾ ಪಾಲ್ ಇಳಿಸಿ ಹಾಡಿದ ಸಾಲು

ಕೃಷ್ಣನಗರದ ಗೊಂಬೆ ಮಾಡುವವರ ಕೇರಿಯಲ್ಲಿ ಹುಟ್ಟಿದ ಬಿನತಾ ಪಾಲ್ ಒಂದು ಕಡೆ ಕೂತವಳೇ ಅಲ್ಲ. ಅಪ್ಪ ಮಣ್ಣಿನ ಗೊಂಬೆಗೆ ಕಣ್ಣು ಬರೆಯುತ್ತಿದ್ದರೆ ಇವಳು ಹಾಡುತ್ತ ಸುತ್ತಲೂ ತಿರುಗುತ್ತಿದ್ದಳು. "ಕೂತ್ಕೊಳ್ಳೇ ತಾಯಿ, ಗೊಂಬೆಗೆ ಮೆಳ್ಳಗಣ್ಣು ಬರುತ್ತೆ" ಎಂದು ಅಪ್ಪ ಗೊಣಗಿ, ಕಡೆಗೆ ಕೀರ್ತನೆ ಹಾಡುವ ಶಶಧರ ಗೋಸ್ವಾಮಿಗಳ ಬಳಿ ಪಾಠಕ್ಕೆ ಬಿಟ್ಟ. ಹತ್ತೊಂಬತ್ತನೇ ವಯಸ್ಸಿಗೆ ಅವಳು ಕಲ್ಕತ್ತೆಯ ರೇಡಿಯೊದಲ್ಲಿ ಹಾಡಿದಳು. ಸಾವಿರದ ಒಂಬೈನೂರ ಐವತ್ತೆಂಟರ ದುರ್ಗಾಪೂಜೆಗೆ ಮೊದಲ ರೆಕಾರ್ಡು ಬಂತು.

ಆ ಹಾಡಿನ ಕೊನೆಯ ಸಾಲಿನಲ್ಲಿ ಸ್ವರ ಮೇಲಕ್ಕೆ ಹೋಗಬೇಕಿತ್ತು. ರೆಕಾರ್ಡಿಂಗಿನ ದಿನ ಅವಳಿಗೆ ಜ್ವರ. ಉಸಿರು ಸಾಲದೆ ಕೆಳಕ್ಕೆ ಜಾರಿತು.

"ಇನ್ನೊಂದ್ಸಲ ಹಾಡ್ತೀನಿ."

"ಚೆನ್ನಾಗೇ ಬಂದಿದೆ, ಬಿಡಿ ದೀದಿ" ಎಂದು ಸ್ಟುಡಿಯೊದವರು ಮುಂದಿನ ಗಾಯಕನನ್ನು ಒಳಗೆ ಕರೆದರು.

ಪೂಜೆಯ ಐದೂ ದಿನ ಕಲ್ಕತ್ತೆಯ ಶ್ಯಾಮ್‌ಬಜಾರಿನ ಪ್ರತಿ ಪೆಂಡಾಲಿನಲ್ಲೂ ಅದೇ ಹಾಡು. ಕೊನೆಯ ಸಾಲು ಬರುವ ಮೊದಲೇ ಬಿನತಾ ಮುಂದಿನ ಬೀದಿಗೆ ಹೆಜ್ಜೆ ಹಾಕುವಳು, ಅಲ್ಲೂ ಅದೇ. "ಊರೇ ನಿನ್ನ ಹಾಡು ಹಾಕಿದೆ, ನೀನು ನೋಡಿದ್ರೆ ನಾಯಿ ಅಟ್ಟಿಸ್ಕೊಂಡು ಬಂದ ಹಾಗೆ ಓಡ್ತೀಯಲ್ಲ" ಎಂದ ಗಂಡ ಅಮಿಯ, ಏದುಸಿರು ಬಿಡುತ್ತ.

ಚಳಿಗಾಲದಲ್ಲಿ ಬರ್ಧಮಾನದ ಕಛೇರಿಯಲ್ಲಿ ಅವಳು ಆ ಸಾಲನ್ನು ಮೇಲಕ್ಕೇ ಒಯ್ದಳು.

"ದೀದಿ, ಮರೆತುಬಿಟ್ರಾ? ಅಲ್ಲಿ ಇಳೀಬೇಕು" ಎಂದು ಹಿಂದಿನಿಂದ ಯಾರೋ ಕೂಗಿದರು.

"ಇದೇ ಸರಿ."

"ಸರಿ ಯಾರಿಗೆ ಬೇಕು, ನಮ್ಮ ಹಾಡು ಹಾಡಿ."

ಸಭೆ ನಕ್ಕಿತು. ಬಿನತಾ ಹಾರ್ಮೋನಿಯಂ ಮುಚ್ಚಿ ಎದ್ದು ಹೋದಳು. ಮರುದಿನ ಬೆಳಿಗ್ಗೆ ನೇರ ಗುರುಗಳ ಮನೆಗೆ ಬಂದಳು. ಗೋಸ್ವಾಮಿಗಳ ಮನೆಯಲ್ಲಿ ಗ್ರಾಮೊಫೋನ್ ಇರಲಿಲ್ಲ. ಅವರು ಮಂಡಕ್ಕಿ ತಿನ್ನುತ್ತ ಎರಡೂ ಥರ ಹಾಡಿಸಿ ಕೇಳಿದರು.

"ಮೇಲಕ್ಕೆ ಹೋಗೋದೇ ಸರಿ. ಇಳಿಯೋದು ಚೆನ್ನಾಗಿದೆ."

"ಅದು ಜ್ವರ, ಗುರುಗಳೇ."

"ಇರಬಹುದು. ಮಂಡಕ್ಕಿ ತಗೋ."

ಅವಳು ತಿನ್ನಲಿಲ್ಲ. ಅಂಗಳದಲ್ಲಿ ಅತ್ತಿತ್ತ ಓಡಾಡಿ ಮಧ್ಯಾಹ್ನದ ರೈಲಿಗೇ ಹೊರಟುಬಿಟ್ಟಳು.

ಅಲ್ಲಿಂದ ಮುಂದೆ ಪ್ರತಿ ಕಛೇರಿಯಲ್ಲೂ ಆ ಸಾಲನ್ನು ಎರಡು ಸಲ ಹಾಡಿದಳು: ಒಮ್ಮೆ ಇಳಿಸಿ, ಒಮ್ಮೆ ಏರಿಸಿ. ಜನ ಮೊದಲನೆಯದಕ್ಕೆ ಚಪ್ಪಾಳೆ ತಟ್ಟಿ, ಎರಡನೆಯದರ ಹೊತ್ತಿಗೆ ಚಪ್ಪಲಿ ಹುಡುಕುತ್ತಿದ್ದರು. ಹೀಗೇ ಇಪ್ಪತ್ತಾರು ವರ್ಷ.

ಎಂಬತ್ತನಾಲ್ಕರಲ್ಲಿ ಶಿಲ್ಚರಿನಲ್ಲಿ ಕಛೇರಿ ನಡುವೆ ಕರೆಂಟು ಹೋಯಿತು. ಅರ್ಧ ಜನ ಎದ್ದು ಹೋದರು, ಉಳಿದವರು ವೇದಿಕೆಯ ಹತ್ತಿರಕ್ಕೆ ಬಂದು ಕೂತರು. ಮೈಕಿಲ್ಲದೆ ಅವಳು ಆ ಸಾಲನ್ನು ಏರಿಸಿ ಹಾಡಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಏಳಲೂ ಇಲ್ಲ. ಮುಂದೆ ಕೂತ ಮುದುಕಿಯೊಬ್ಬಳು ಮೆಲ್ಲಗೆ, "ಇದನ್ನೇ ಇನ್ನೊಂದ್ಸಲ ಹಾಡಮ್ಮ" ಎಂದಳು. ಬಿನತಾ ಹಾಡಿದಳು.

ರಿಕ್ಷಾದಲ್ಲಿ ವಾಪಸು ಹೋಗುವಾಗ ತಬಲಾದ ಗದಾಧರ ಕೇಳಿದ, "ಇವತ್ತಾದ್ರೂ ಸಮಾಧಾನ ಆಯ್ತಾ ದೀದಿ?"

"ಮೊದಲನೇ ಸಲ ಆಗಿತ್ತು" ಎಂದಳು ಬಿನತಾ. "ಎರಡನೇ ಸಲ ಸ್ವಲ್ಪ ಅವಸರ ಮಾಡ್ಬಿಟ್ಟೆ."