ನಿಮಿಷಕ್ಕೊಂದು ಲೋಟ ಕಳ್ಳು

ಶಂಶಾಬಾದ್ ದಾಟಿ, ಡ್ರೈವರನಿಗೆ ಚಹಾ ಹೇಳಿ, ನಾವು ನಾಲ್ವರು ಈಚಲ ಮರದ ನೆರಳಲ್ಲಿ ಕಳ್ಳಿಗೆ ಕೂತೆವು. ಆಟ ಇಷ್ಟೆ: ನಿಮಿಷಕ್ಕೊಂದು ಸಣ್ಣ ಲೋಟ; ಮೊದಲು ಎದ್ದವನಿಗೆ ರಾಯಚೂರಿನವರೆಗೂ ಕಾರಿನ ಹಿಂದಿನ ನಡುಸೀಟು.

ಚೌಕಾಸಿಯನ್ನು ಆಟಕ್ಕೆ ಮೊದಲೇ ಮಾಡಬೇಕು. "ನೊರಿನೂ ಲೆಕ್ಕಕ್ಕ ಹಿಡೀಬೇಕ್ರಿ" ಎಂದೆ. ಒಪ್ಪಿದರು. ಎತ್ತರದಿಂದ ಸುರಿದರೆ ಅರ್ಧ ಲೋಟ ನೊರೆಯೇ. ಉಳಿದವರೂ ಅದನ್ನೇ ಕಲಿತರು. ಗಡಿಯಾರ ನೋಡಿ "ಹೂಂ, ಕುಡೀರಿ" ಅನ್ನುವ ಕೆಲಸ ನಾಲ್ವರಲ್ಲೊಬ್ಬರಾದ ಬಾಲಾನಗರದ ನಮ್ಮ ಬೀಗರು ಮಲ್ಲಣ್ಣನವರದು.

ಹದಿನೈದನೇ ನಿಮಿಷಕ್ಕೆ ಮೂತ್ರ ತಡೆಯಲಾರದೆ ನಾನೇ ಮೊದಲು ಎದ್ದೆ. ನಿಂತಾಗ ಕಂಡಿತು, ಬೀಗರ ಮೊದಲ ಲೋಟವೇ ಇನ್ನೂ ತುಂಬಿತ್ತು.

"ಇದೇನ್ರಿ ಬೀಗ್ರ?"

"ನಾ ಗಡಿಯಾರ ನೋಡಾಕತ್ತಿದ್ದೆ. ನನ್ನ ಲೋಟ ನೀವ್ಯಾಕ ನೋಡ್ಲಿಲ್ಲ?"

ನೀವು ಆಡುವುದಾದರೆ ನೊರೆಯ ಮಾತು ಆಮೇಲೆ, ಮೊದಲು ಗಡಿಯಾರ ಇಸ್ಕೊಳ್ಳಿ. ಇದನ್ನು ನಡುಸೀಟಿನಲ್ಲಿ ಕೂತು ಬರೆಯುತ್ತಿದ್ದೇನೆ. ಕಿಟಕಿ ಪಕ್ಕ ಬೀಗರಿದ್ದಾರೆ.